ಆಟಿಕೆ ಕಾರು ಕಾರ್ಖಾನೆಗೆ ಬಂದಾಗ: ಲೆಕ್ಕದ ದೃಷ್ಟಿಯಿಂದ ಒಂದು ವಿವೇಚನೆ

2011ರಲ್ಲಿ ಅಫ್ಘಾನಿಸ್ತಾನದಲ್ಲಿದ್ದ ಅಮೆರಿಕ ಸೇನೆಯ ತುಕಡಿಯೊಂದರ ಸುದ್ದಿ ಪತ್ರಿಕೆಗಳಲ್ಲಿ ಪ್ರಕಟವಾಗಿತ್ತು. ಸೈನಿಕನೊಬ್ಬನಿಗೆ ಅವನ ಸೋದರನು ಊರಿನಿಂದ ಒಂದು ರಿಮೋಟ್ ಕಂಟ್ರೋಲ್ ಕಾರನ್ನು ಕಳುಹಿಸಿಕೊಟ್ಟಿದ್ದನು. ಅದು ಹವ್ಯಾಸಿಗಳ ಅಂಗಡಿಯಲ್ಲಿ ದೊರೆಯುವ ಸಾಮಾನ್ಯ ಕಾರು. ಅದರ ಬೆನ್ನಿನ ಮೇಲೆ ಸಣ್ಣದೊಂದು ನಿಸ್ತಂತು ಕ್ಯಾಮೆರಾ ಕೂರಿಸಿ, ಸೈನಿಕರ ವಾಹನಕ್ಕಿಂತ ಮುಂದೆ ಅದನ್ನು ಓಡಿಸಿ, ದಾರಿಯಲ್ಲಿ ಹುದುಗಿಸಿಟ್ಟ ಸ್ಫೋಟಕಗಳಿವೆಯೇ ಎಂದು ಪರೀಕ್ಷಿಸಲಾಗುತ್ತಿತ್ತು. ಒಂದು ದಿನ ಆ ಕಾರು ಸ್ಫೋಟಕಕ್ಕೆ ಬಿಗಿದಿದ್ದ ತಂತಿಗೆ ಸಿಲುಕಿ ಚೂರುಚೂರಾಯಿತು. ಹಿಂದಿದ್ದ ಆರು ಮಂದಿ ಸೈನಿಕರು ಬದುಕುಳಿದರು.

ಕೋಟಿಗಟ್ಟಲೆ ಬೆಲೆಯ ಯಂತ್ರೋಪಕರಣಗಳಿದ್ದ ಸೇನೆಯಲ್ಲಿ ಒಂದು ಆಟದ ಕಾರು ಆರು ಜೀವಗಳನ್ನು ಉಳಿಸಿತೆಂಬ ಈ ಸಂಗತಿಯಲ್ಲಿ ಸಣ್ಣ ಕೈಗಾರಿಕೋದ್ಯಮಿಗಳಿಗೆ ಒಂದು ಪಾಠವಿದೆ. ಮನುಷ್ಯನು ಹೋಗಬಾರದ ಜಾಗಕ್ಕೆ ಮೊದಲು ವಸ್ತುವೊಂದನ್ನು ಕಳುಹಿಸುವುದು ವಿವೇಕ. ಆ ವಸ್ತು ಆಕರ್ಷಕವಾಗಿರಬೇಕಿಲ್ಲ, ಹೋಗಿ ನೋಡಿ ವರದಿ ತಂದರೆ ಸಾಕು. ಸಣ್ಣ ಘಟಕಗಳಲ್ಲಿ ಇಂದಿಗೂ ಕೇಬಲ್ ಹಾಯುವ ನೆಲದಡಿಯ ಕಾಲುವೆಯನ್ನೂ, ಗಾಳಿಕೊಳವೆಯ ಒಳಭಾಗವನ್ನೂ, ಕನ್ವೇಯರಿನ ಅಡಿಯನ್ನೂ ನೋಡಬೇಕಾದಾಗ ಮೈ ಸಣ್ಣಗಿರುವ ಹುಡುಗನೊಬ್ಬನನ್ನು ಕರೆದು, ಕೈಗೆ ಟಾರ್ಚು ಕೊಟ್ಟು ಒಳಗೆ ನುಗ್ಗಿಸುವುದೇ ರೂಢಿಯಾಗಿದೆ. ಈ ರೂಢಿಯ ನಿಜವಾದ ವೆಚ್ಚವು ಯಾವ ಘಟಕದ ಲಾಭ-ನಷ್ಟ ಪಟ್ಟಿಯಲ್ಲಿಯೂ ಕಾಣಸಿಗುವುದಿಲ್ಲ. ಅವಘಡವೊಂದು ಸಂಭವಿಸಿದ ದಿನ ಮಾತ್ರ ಅದು ಒಮ್ಮೆಗೇ ಎದುರಿಗೆ ಬಂದು ನಿಲ್ಲುತ್ತದೆ.

ಪ್ರಯೋಗಶಾಲೆಗಳು ತೋರಿದ ದಾರಿ

ಹವ್ಯಾಸದ ಕಾರನ್ನು ಉಪಕರಣವಾಗಿ ಪರಿವರ್ತಿಸುವ ಕೆಲಸವು ಇಂದು ನೆನ್ನೆಯದಲ್ಲ. ಜಪಾನಿನ ತಮಿಯಾ ಸಂಸ್ಥೆಯು ತನ್ನ ಮೊದಲ ರೇಡಿಯೋ ನಿಯಂತ್ರಿತ ಕಾರನ್ನು ಮಾರುಕಟ್ಟೆಗೆ ತಂದದ್ದು 1976ರಲ್ಲಿ. ನಿಜವಾದ ಕಾರಿನ ಹತ್ತನೆಯ ಒಂದು ಅಳತೆಯ ಮಾದರಿಗಳು ಅಂದಿನಿಂದ ಜಗತ್ತಿನಾದ್ಯಂತ ಹರಡಿದವು. 2015ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯು ಇದೇ ಅಳತೆಯ ಕಾರಿನ ಮೇಲೆ ಪುಟ್ಟ ಗಣಕವನ್ನೂ, ಲೇಸರ್ ಕಿರಣದಿಂದ ದೂರವನ್ನಳೆಯುವ ಲೈಡಾರ್ ಸಾಧನವನ್ನೂ ಕೂರಿಸಿ, ಚಾಲಕನಿಲ್ಲದೆ ಓಡುವ ವಾಹನದ ಪಾಠವನ್ನು ವಿದ್ಯಾರ್ಥಿಗಳಿಗೆ ಕಲಿಸಲಾರಂಭಿಸಿತು. 2016ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಆರಂಭವಾದ 'ಎಫ್‌ವನ್ ಟೆನ್ತ್' ಯೋಜನೆಯು ಇದನ್ನೇ ಸ್ಪರ್ಧೆಯಾಗಿ ಬೆಳೆಸಿತು.

ಇವೆಲ್ಲವೂ ಸಾಧ್ಯವಾದದ್ದು ಬಿಡಿಭಾಗಗಳು ಅಗ್ಗವಾದ ಕಾರಣದಿಂದ. 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದಲ್ಲಿ ಆರ್ಡುಯಿನೋ ಫಲಕ ಹುಟ್ಟಿಕೊಂಡಿತು. 2012ರ ಫೆಬ್ರವರಿಯಲ್ಲಿ ಬ್ರಿಟನ್ನಿನ ರಾಸ್ಪ್‌ಬೆರಿ ಪೈ ಗಣಕವು 35 ಡಾಲರಿಗೆ ಮಾರಾಟಕ್ಕೆ ಬಂದಿತು. ಒಂದು ಕಾಲಕ್ಕೆ ಪ್ರಯೋಗಶಾಲೆಗಳಿಗೆ ಮಾತ್ರ ನಿಲುಕುತ್ತಿದ್ದ ಸಂವೇದಕಗಳು ಅಥವಾ ಸೆನ್ಸರುಗಳು ಇಂದು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಯಾಗಿ ದೊರೆಯುತ್ತವೆ. ಆದುದರಿಂದ ಸಣ್ಣ ಘಟಕದ ಮುಂದಿರುವ ಪ್ರಶ್ನೆ ಇದು ಸಾಧ್ಯವೇ ಎಂಬುದಲ್ಲ. ಯಾವ ಕೆಲಸಕ್ಕೆ, ಎಷ್ಟು ಖರ್ಚಿನಲ್ಲಿ, ಯಾವ ಎಚ್ಚರಿಕೆಯೊಡನೆ ಎಂಬುದೇ ಪ್ರಶ್ನೆ.

ಎಲ್ಲಿ ಉಪಯುಕ್ತ, ಎಲ್ಲಿ ಅಪಾಯಕರ

ಕೇಬಲ್ ಕಾಲುವೆ, ಖಾಲಿ ಇರುವ ದೊಡ್ಡ ಕೊಳವೆ, ದಾಸ್ತಾನು ಕೊಠಡಿಯ ರಾಶಿಗಳ ನಡುವಿನ ಇಕ್ಕಟ್ಟಾದ ದಾರಿ, ಒಲೆ ಅಥವಾ ಕುಲುಮೆಯ ಸುತ್ತಲಿನ ಬಿಸಿ ನೆಲ, ಶೀತಲ ಗೃಹದ ಮೂಲೆಗಳು, ಇಂತಹ ಕಡೆಗಳಲ್ಲಿ ಕ್ಯಾಮೆರಾ, ಉಷ್ಣಾಂಶ ಮತ್ತು ತೇವಾಂಶ ಮಾಪಕ, ದೂರ ಮಾಪಕ ಹೊತ್ತ ಸಣ್ಣ ಕಾರು ಹೇರಳ ಮಾಹಿತಿಯನ್ನು ತರಬಲ್ಲದು. ಶೀತಲ ಗೃಹದ ಬಾಗಿಲಲ್ಲಿ ನೇತುಹಾಕಿದ ಒಂದೇ ಮಾಪಕವು ಇಡೀ ಕೊಠಡಿಯ ಉಷ್ಣಾಂಶವನ್ನು ಹೇಳಲಾರದು. ಮೂಲೆಮೂಲೆಗೂ ಹೋಗಿ ಅಳೆದು ಬರುವ ವಾಹನವು ಸರಕು ಎಲ್ಲಿ ಕೆಡುತ್ತಿದೆ ಎಂಬುದನ್ನು ತೋರಿಸಿಕೊಡುತ್ತದೆ.

ಆದರೆ ಒಂದು ಮಾತನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ದ್ರಾವಕಗಳ ಆವಿ, ಬಣ್ಣದ ಆವಿ, ಅಡುಗೆ ಅನಿಲ, ಹತ್ತಿ ಅಥವಾ ಹಿಟ್ಟಿನ ನವಿರಾದ ಧೂಳು ತುಂಬಿರುವ ಜಾಗಕ್ಕೆ ಇಂತಹ ಕಾರನ್ನು ಎಂದಿಗೂ ಕಳುಹಿಸಕೂಡದು. ಇದರಲ್ಲಿ ಸಾಮಾನ್ಯವಾಗಿ ಬಳಸುವ ಕಾರ್ಬನ್ ಬ್ರಶ್ಶಿನ ಮೋಟಾರು ತಿರುಗುವಾಗಲೆಲ್ಲ ಒಳಗೆ ಸಣ್ಣ ಸಣ್ಣ ಕಿಡಿಗಳನ್ನು ಹಾರಿಸುತ್ತಿರುತ್ತದೆ. ಅಗ್ಗದ ಅನಿಲ ಸೆನ್ಸರಿನೊಳಗೆ ಕಾದ ತಂತಿಯೊಂದಿರುತ್ತದೆ. ಅಪಾಯವನ್ನು ಪತ್ತೆಹಚ್ಚಲು ಹೋದ ವಾಹನವೇ ಬೆಂಕಿಯ ಮೂಲವಾಗಬಹುದು. ಅಂತಹ ಸ್ಥಳಗಳಿಗೆ ಸ್ಫೋಟ ನಿರೋಧಕವೆಂದು ಪ್ರಮಾಣಿತವಾದ ಉಪಕರಣವೇ ಬೇಕು. ಅಲ್ಲಿ ಮಿತವ್ಯಯದ ಮಾತು ಸಲ್ಲದು.

ಇಕ್ಕಟ್ಟಾದ, ಗಾಳಿಯಾಡದ ಸ್ಥಳಕ್ಕೆ ಮನುಷ್ಯರನ್ನು ಕಳುಹಿಸುವ ಮುನ್ನ ಕೈಗೊಳ್ಳಬೇಕಾದ ಎಚ್ಚರಿಕೆಗಳನ್ನು 1948ರ ಕಾರ್ಖಾನೆಗಳ ಕಾಯಿದೆಯ 36ನೆಯ ಕಲಮು ವಿಧಿಸಿತ್ತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಸ್ಥಾನದಲ್ಲಿ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು ಜಾರಿಗೆ ಬಂದಿತು. ಕೆಲಸದ ಸ್ಥಳವನ್ನು ಅಪಾಯಮುಕ್ತವಾಗಿರಿಸುವ ಹೊಣೆಯನ್ನು ಈ ಸಂಹಿತೆಯೂ ಮಾಲೀಕನ ಮೇಲೆಯೇ ಹೊರಿಸಿದೆ. ಒಂದು ಕಾರನ್ನು ಕಳುಹಿಸಿ ನೋಡಿದ ಮಾತ್ರಕ್ಕೆ ಆ ಹೊಣೆ ಮುಗಿಯದು. ಒಳಗೆ ಮನುಷ್ಯನು ಇಳಿಯಲೇಬೇಕಾದ ಸಂದರ್ಭಗಳನ್ನು ಅದು ಕಡಿಮೆ ಮಾಡುತ್ತದೆ, ಅಷ್ಟೇ. ಆದರೆ ಆ 'ಅಷ್ಟೇ' ಎಂಬುದು ಸಣ್ಣದಲ್ಲ.

ಉನ್ನತೀಕರಣವೆಂದರೆ ವೇಗವಲ್ಲ

ಹವ್ಯಾಸಿಗಳ ಭಾಷೆಯಲ್ಲಿ ಕಾರನ್ನು ಉನ್ನತೀಕರಿಸುವುದೆಂದರೆ ಅದರ ವೇಗವನ್ನು ಹೆಚ್ಚಿಸುವುದು. ಕಾರ್ಖಾನೆಯ ಭಾಷೆಯಲ್ಲಿ ಅದರ ಅರ್ಥ ಇದಕ್ಕೆ ನೇರ ವಿರುದ್ಧ. ಗಂಟೆಗೆ 30 ಕಿಲೋಮೀಟರ್ ಓಡುವ ಕಾರಿನ ಮೇಲೆ ಕೂತ ಸೆನ್ಸರ್ ಏನನ್ನೂ ನೆಟ್ಟಗೆ ಅಳೆಯಲಾರದು. ಬೇಕಾದದ್ದು ಮನುಷ್ಯನ ನಿಧಾನ ನಡಿಗೆಯ ವೇಗ ಮತ್ತು ಹೊರೆ ಹೊರುವ ಶಕ್ತಿ. ಆದುದರಿಂದ ಮೊದಲ ಬದಲಾವಣೆ ಗೇರಿನಲ್ಲಿ ಆಗಬೇಕು. ಮೋಟಾರಿನ ಕಡೆಯ ಸಣ್ಣ ಗೇರಿನ ಹಲ್ಲುಗಳನ್ನು ಕಡಿಮೆ ಮಾಡಿದರೆ ವೇಗ ತಗ್ಗಿ ಎಳೆಯುವ ಬಲ ಹೆಚ್ಚುತ್ತದೆ. ಹೆಚ್ಚು ಸುತ್ತುಗಳ ತಂತಿಯುಳ್ಳ ಮೋಟಾರನ್ನು ಹಾಕಿದರೂ ಇದೇ ಪರಿಣಾಮ ದೊರೆಯುತ್ತದೆ.

ಎರಡನೆಯದು ತೂಕದ ಲೆಕ್ಕ. ಹತ್ತನೆಯ ಒಂದು ಅಳತೆಯ ಕಾರು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಕಿಲೋ ತೂಗುತ್ತದೆ. ಅದರ ಮೇಲೆ ಪುಟ್ಟ ಗಣಕ, ಲೈಡಾರ್, ಕ್ಯಾಮೆರಾ, ಹೆಚ್ಚುವರಿ ಬ್ಯಾಟರಿ, ಇವನ್ನೆಲ್ಲ ಹೊರುವ ಹಲಗೆ ಇಷ್ಟನ್ನು ಸೇರಿಸಿದರೆ ಮುಕ್ಕಾಲು ಕಿಲೋ ಸುಲಭವಾಗಿ ಏರುತ್ತದೆ. ಅಂದರೆ ಸ್ವಂತ ತೂಕದ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಹೊರೆ. ಸ್ಪ್ರಿಂಗುಗಳು ಕುಸಿದು ಹೊಟ್ಟೆ ನೆಲಕ್ಕೆ ತಾಗುತ್ತದೆ, ಮುಂದಿನ ಚಕ್ರಗಳನ್ನು ತಿರುಗಿಸುವ ಸಣ್ಣ ಸರ್ವೋ ಮೋಟಾರು ಏದುಸಿರು ಬಿಡುತ್ತದೆ. ಗಟ್ಟಿ ಸ್ಪ್ರಿಂಗು, ಶಾಕ್ ಅಬ್ಸಾರ್ಬರಿನಲ್ಲಿ ದಪ್ಪನೆಯ ಎಣ್ಣೆ, ಹೆಚ್ಚು ಬಲದ ಸರ್ವೋ, ಇವು ಬೇಕಾಗುತ್ತವೆ. ಭಾರವಾದ ಬ್ಯಾಟರಿಯನ್ನು ಕೆಳಗೂ, ಹಗುರವಾದ ಕ್ಯಾಮೆರಾವನ್ನು ಮೇಲೂ ಇರಿಸಬೇಕು; ಇಲ್ಲವಾದರೆ ಮೊದಲ ತಿರುವಿನಲ್ಲಿಯೇ ವಾಹನ ಮಗುಚಿ ಬೀಳುತ್ತದೆ. ಸೆನ್ಸರಿನ ಅಡಿಗೆ ರಬ್ಬರಿನ ಮೆತ್ತೆ ಕೊಟ್ಟರೆ ಅದುರುವಿಕೆ ಕಡಿಮೆಯಾಗುತ್ತದೆ.

ಕಾರಿನಂತೆ ಮುಂದಿನ ಚಕ್ರ ತಿರುಗಿಸಿ ಚಲಿಸುವ ವಾಹನವು ನಿಂತಲ್ಲಿಯೇ ಹಿಂತಿರುಗಲಾರದೆಂಬುದನ್ನೂ ಮೊದಲೇ ಯೋಚಿಸಬೇಕು. ಇಕ್ಕಟ್ಟಾದ ಕೊಳವೆಯಲ್ಲಿ ಅದು ಬಂದ ದಾರಿಯಲ್ಲಿ ಹಿಮ್ಮುಖವಾಗಿಯೇ ಮರಳಬೇಕು. ಲೋಹದ ಕೊಳವೆಯೊಳಗೆ ಮತ್ತು ನೆಲದಡಿಯಲ್ಲಿ ರೇಡಿಯೋ ಸಂಕೇತವು ಕ್ಷೀಣಿಸುತ್ತದೆ. ಸಂಕೇತ ತಪ್ಪಿದೊಡನೆ ಮೋಟಾರು ತಾನಾಗಿ ನಿಲ್ಲುವಂತೆ ರಿಸೀವರನ್ನು ಹೊಂದಿಸಿಡಬೇಕು. ಇದೆಲ್ಲಕ್ಕಿಂತ ಅಗ್ಗವಾದ ವಿಮೆಯೊಂದಿದೆ: ಹಿಂಬದಿಗೆ ಕಟ್ಟಿದ ಒಂದು ಗಟ್ಟಿಯಾದ ಹಗ್ಗ. ಒಳಗೆ ಸಿಕ್ಕಿಬಿದ್ದ ಕಾರನ್ನು ತರಲು ಕೊನೆಗೆ ಅದೇ ಹುಡುಗನನ್ನು ಒಳಗೆ ಕಳುಹಿಸುವಂತಾದರೆ ಇಡೀ ಪ್ರಯತ್ನಕ್ಕೆ ಅರ್ಥವೇ ಉಳಿಯದು.

ವಿದ್ಯುತ್ತಿನ ಆಯವ್ಯಯ

ವ್ಯಾಪಾರಿಗಳಿಗೆ ಆಯವ್ಯಯವೆಂದರೆ ಹೊಸದಲ್ಲ. ಬ್ಯಾಟರಿಯೂ ಒಂದು ನಗದು ಪೆಟ್ಟಿಗೆಯೇ. ಆರು ಕೋಶಗಳ ನಿಕೆಲ್ ಮೆಟಲ್ ಹೈಡ್ರೈಡ್ ಬ್ಯಾಟರಿಯ ಒತ್ತಡ 7.2 ವೋಲ್ಟ್, ಸಾಮರ್ಥ್ಯ 3,000 ಮಿಲಿ ಆಂಪಿಯರ್ ಗಂಟೆ ಎಂದಾದರೆ ಪೆಟ್ಟಿಗೆಯಲ್ಲಿರುವ ಒಟ್ಟು ಜಮೆ 21.6 ವಾಟ್ ಗಂಟೆ. ಅದನ್ನು ತಳದವರೆಗೂ ಬಳಿಯಬಾರದು, ಶೇ. 80ರಷ್ಟನ್ನು ಮಾತ್ರ ಖರ್ಚಿಗೆ ಲಭ್ಯವೆಂದು ಎಣಿಸಿದರೆ ಸುಮಾರು 17 ವಾಟ್ ಗಂಟೆ ದೊರೆಯುತ್ತದೆ.

ಹೊರೆ ಹೊತ್ತು ನಿಧಾನವಾಗಿ ಚಲಿಸುವಾಗ ಮೋಟಾರಿಗೆ 40 ವಾಟ್ ಬೇಕೆಂದು ಭಾವಿಸಬಹುದು. ಗಣಕಕ್ಕೆ 5, ಲೈಡಾರಿಗೆ ಎರಡೂವರೆ, ಕ್ಯಾಮೆರಾ ಮತ್ತು ಇತರ ಸೆನ್ಸರುಗಳಿಗೆ ಎರಡೂವರೆ, ಒಟ್ಟು 10 ವಾಟ್. ಒತ್ತಡ ಪರಿವರ್ತನೆಯಲ್ಲಿ ಆಗುವ ನಷ್ಟವನ್ನೂ ಸೇರಿಸಿದರೆ 12 ವಾಟ್. ಸದಾ ಚಲಿಸುತ್ತಿದ್ದರೆ 52 ವಾಟಿನಂತೆ ಇಡೀ ಪೆಟ್ಟಿಗೆ 20 ನಿಮಿಷಕ್ಕೆ ಬರಿದಾಗುತ್ತದೆ. ಅದೇ 10 ನಿಮಿಷ ಮಾತ್ರ ಚಲಿಸಿ, ಉಳಿದ ಹೊತ್ತು ನಿಂತು ಅಳೆಯುವಂತೆ ಕೆಲಸವನ್ನು ಯೋಜಿಸಿದರೆ, ಇನ್ನೂ 40 ನಿಮಿಷಗಳ ವೀಕ್ಷಣೆ ಸಾಧ್ಯವಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿಗೂ ಅನ್ವಯಿಸುತ್ತದೆ. ಹಿಂದಿರುಗುವ ದಾರಿಯ ಖರ್ಚನ್ನು ಮೊದಲೇ ತೆಗೆದಿರಿಸಿ, ಉಳಿದದ್ದನ್ನಷ್ಟೇ ವೀಕ್ಷಣೆಗೆ ವಿನಿಯೋಗಿಸಬೇಕು.

ಹೆಚ್ಚು ಶಕ್ತಿಗಾಗಿ ಲಿಥಿಯಂ ಪಾಲಿಮರ್ ಬ್ಯಾಟರಿಗೆ ಹೋಗುವವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಎರಡು ಕೋಶಗಳ, 7.4 ವೋಲ್ಟಿನ, 5,000 ಮಿಲಿ ಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ 37 ವಾಟ್ ಗಂಟೆ ಇರುತ್ತದೆ, ನಿಜ. ಆದರೆ ಪ್ರತಿ ಕೋಶದ ಒತ್ತಡ 3 ವೋಲ್ಟಿಗಿಂತ ಕೆಳಗಿಳಿದರೆ ಅದು ಶಾಶ್ವತವಾಗಿ ಕೆಡುತ್ತದೆ. ಹಳೆಯ ಕಾರುಗಳ ವೇಗ ನಿಯಂತ್ರಕಗಳಲ್ಲಿ ಈ ಮಿತಿಯಲ್ಲಿ ವಿದ್ಯುತ್ತನ್ನು ಕಡಿದುಹಾಕುವ ವ್ಯವಸ್ಥೆ ಇಲ್ಲದಿರಬಹುದು. ತಕ್ಕ ಚಾರ್ಜರ್ ಇಲ್ಲದೆ, ರಾತ್ರಿಯಿಡೀ ಕಾವಲಿಲ್ಲದೆ ಚಾರ್ಜಿಗಿಟ್ಟರೆ ಬೆಂಕಿಯ ಭಯವೂ ಉಂಟು. ಕೆಟ್ಟ ಬ್ಯಾಟರಿಯನ್ನು ಕಸದ ಬುಟ್ಟಿಗೆ ಎಸೆಯುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದಕ್ಕೆ ಅನ್ವಯಿಸುತ್ತವೆ.

ಗಣಕಕ್ಕೂ ಮೋಟಾರಿಗೂ ಒಂದೇ ಮೂಲದಿಂದ ವಿದ್ಯುತ್ತನ್ನು ಕೊಡುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು. ವೇಗ ನಿಯಂತ್ರಕದಿಂದ ಹೊರಬರುವ 5 ಅಥವಾ 6 ವೋಲ್ಟಿನ ತಂತಿಯು ರಿಸೀವರ್ ಮತ್ತು ಸರ್ವೋಗಳಿಗಾಗಿ ಇರುವಂಥದು. ಅದಕ್ಕೆ ಗಣಕವನ್ನೂ ಜೋಡಿಸಿದರೆ ಚಕ್ರ ತಿರುಗಿದಾಗಲೆಲ್ಲ ಒತ್ತಡ ಕುಸಿದು ಗಣಕ ನಿಂತುಹೋಗುತ್ತದೆ, ಅದುವರೆಗೆ ಸಂಗ್ರಹಿಸಿದ ಅಂಕಿಅಂಶವೂ ಹೋಗುತ್ತದೆ. ಪಾಲುದಾರರಿಬ್ಬರು ಒಂದೇ ಗಲ್ಲಾಪೆಟ್ಟಿಗೆಗೆ ಕೈಹಾಕಿದರೆ ಏನಾಗುವುದೋ ಇಲ್ಲಿಯೂ ಅದೇ ಆಗುತ್ತದೆ. ಗಣಕಕ್ಕೆ ಪ್ರತ್ಯೇಕ ಸಣ್ಣ ಬ್ಯಾಟರಿ ಅಥವಾ ಪ್ರತ್ಯೇಕ ಒತ್ತಡ ಪರಿವರ್ತಕವನ್ನು ಒದಗಿಸುವುದೇ ಸರಿಯಾದ ಮಾರ್ಗ.

ಅಳತೆಗೂ ತಾಳೆ ಬೇಕು

ಪರದೆಯ ಮೇಲೆ ಮೂಡುವ ಅಂಕಿಯನ್ನು ಕಣ್ಣುಮುಚ್ಚಿ ನಂಬುವುದು ತಾಳೆ ನೋಡದ ಬ್ಯಾಂಕ್ ಪಾಸ್‌ಬುಕ್ಕನ್ನು ನಂಬಿದಂತೆ. ಅಗ್ಗದ ಶಬ್ದಾತೀತ ದೂರಮಾಪಕವನ್ನೇ ನೋಡಬಹುದು. ಅದು ಶಬ್ದವು ಹೋಗಿ ಬರುವ ವೇಳೆಯಿಂದ ದೂರವನ್ನು ಲೆಕ್ಕಹಾಕುತ್ತದೆ. ಗಾಳಿಯ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್ ಇದ್ದಾಗ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 40 ಡಿಗ್ರಿಯಲ್ಲಿ ಸುಮಾರು 355 ಮೀಟರ್. ಈ ವ್ಯತ್ಯಾಸವನ್ನು ಸರಿಪಡಿಸದಿದ್ದರೆ ಕುಲುಮೆಯ ಬಳಿ 2 ಮೀಟರ್ ದೂರವನ್ನು ಅಳೆಯುವಾಗ ಸುಮಾರು 7 ಸೆಂಟಿಮೀಟರ್ ತಪ್ಪಾಗುತ್ತದೆ. ಅದೇ ವಾಹನದ ಮೇಲೆ ಒಂದು ಉಷ್ಣಮಾಪಕವಿದ್ದರೆ ಈ ತಪ್ಪನ್ನು ಗಣಕವೇ ತಿದ್ದಬಲ್ಲದು.

ಅಗ್ಗದ ಅನಿಲ ಸೆನ್ಸರುಗಳು ಅನಿಲದ ಪ್ರಮಾಣ ಏರುತ್ತಿದೆಯೇ ಇಳಿಯುತ್ತಿದೆಯೇ ಎಂಬ ಸುಳಿವನ್ನು ಕೊಡುತ್ತವೆಯೇ ಹೊರತು, ಮನುಷ್ಯನು ಒಳಗೆ ಇಳಿಯಬಹುದೆಂಬ ಪ್ರಮಾಣಪತ್ರವನ್ನು ಕೊಡಲಾರವು. ಆ ತೀರ್ಮಾನಕ್ಕೆ ಪ್ರಮಾಣೀಕರಿಸಿದ, ಕಾಲಕಾಲಕ್ಕೆ ಮಾಪನಾಂಕ ಸರಿಪಡಿಸಿದ ಉಪಕರಣವೇ ಬೇಕು. ಪ್ರತಿ ತಿಂಗಳೂ ಟೇಪಿನಿಂದ ಅಳೆದ ದೂರ, ನಂಬಲರ್ಹ ಥರ್ಮಾಮೀಟರಿನ ಉಷ್ಣಾಂಶ ಇವುಗಳೊಡನೆ ಸೆನ್ಸರಿನ ಅಂಕಿಯನ್ನು ತಾಳೆ ನೋಡಿ, ದಿನಾಂಕ ಹಾಕಿ, ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಉತ್ತಮ. ಗ್ರಾಹಕ ಕಂಪನಿಯ ಗುಣಮಟ್ಟ ಪರಿಶೀಲಕರು ಬಂದಾಗ ಆ ಪುಸ್ತಕಕ್ಕಿರುವ ಬೆಲೆ ವಾಹನಕ್ಕಿರುವುದಿಲ್ಲ.

ಲೆಕ್ಕಪತ್ರದಲ್ಲಿ ಈ ಕಾರಿನ ಸ್ಥಾನ

ಇಂತಹ ಪ್ರಯತ್ನಗಳ ಖರ್ಚು ಬಹುತೇಕ ಘಟಕಗಳಲ್ಲಿ ಚಿಲ್ಲರೆ ವೆಚ್ಚದ ಚೀಟಿಗಳಲ್ಲಿ ಕರಗಿಹೋಗುತ್ತದೆ. ಒಂದು ದಿನ ತಂತಿ, ಮತ್ತೊಂದು ದಿನ ಬ್ಯಾಟರಿ, ಮಗದೊಂದು ದಿನ ಸುಟ್ಟುಹೋದ ಫಲಕಕ್ಕೆ ಬದಲಿ. ವರ್ಷಾಂತ್ಯದಲ್ಲಿ ಒಟ್ಟು ಎಷ್ಟಾಯಿತೆಂದು ಯಾರಿಗೂ ತಿಳಿಯದು. ಈ ವಿಷಯದಲ್ಲಿ ಉದ್ಯಮಿಗಳು ಗಮನಿಸಬೇಕಾದ ಅಂಶಗಳು ಹೀಗಿವೆ:

1. ಮೊದಲ ದಿನದಿಂದಲೇ ಪ್ರತ್ಯೇಕ ಜಾಬ್ ಕಾರ್ಡ್ ತೆರೆಯಬೇಕು. ಕಾರು, ಬಿಡಿಭಾಗ, ಹೊರಗಿನವರ ಕೂಲಿ, ಸ್ವಂತ ನೌಕರರು ವ್ಯಯಿಸಿದ ಗಂಟೆಗಳು ಎಲ್ಲವೂ ಅದರಲ್ಲಿ ದಾಖಲಾಗಬೇಕು. ವಾಹನ ಸಿದ್ಧವಾಗುವವರೆಗಿನ ನೇರ ವೆಚ್ಚ ಮತ್ತು ಪರೀಕ್ಷಾ ವೆಚ್ಚವನ್ನು ಪರಿಷ್ಕೃತ ಲೆಕ್ಕ ಮಾನದಂಡ 10ರ ಪ್ರಕಾರ ಆಸ್ತಿಯ ಮೌಲ್ಯಕ್ಕೆ ಸೇರಿಸಬಹುದು. ಅಜಾಗರೂಕತೆಯಿಂದ ಸುಟ್ಟುಹೋದ ಫಲಕದಂತಹ ಅಸಹಜ ನಷ್ಟವನ್ನು ಸೇರಿಸುವಂತಿಲ್ಲ. ಅದು ಲಾಭ-ನಷ್ಟ ಪಟ್ಟಿಗೆ ಹೋಗಬೇಕು. ಒಟ್ಟು ಮೊತ್ತ ತೀರಾ ಅಲ್ಪವಾಗಿದ್ದರೆ ಅದೇ ವರ್ಷದ ಖರ್ಚೆಂದು ಬರೆಯುವುದರಲ್ಲಿ ದೋಷವಿಲ್ಲ.

2. ಬಿಲ್ಲಿನ ಮೇಲೆ 'ಕಾರು' ಎಂಬ ಪದ ಕಂಡೊಡನೆ ಗುಮಾಸ್ತರು ಸರಕು ಮತ್ತು ಸೇವಾ ತೆರಿಗೆಯ ಇನ್‌ಪುಟ್ ಜಮೆಯನ್ನು ಕೈಬಿಡುವ ಸಂಭವವಿದೆ. ಕಾಯಿದೆಯ 17(5)ನೆಯ ಕಲಮು ತಡೆಹಿಡಿದಿರುವುದು ಜನರನ್ನು ಸಾಗಿಸುವ ಮೋಟಾರು ವಾಹನಗಳ ಮೇಲಿನ ಜಮೆಯನ್ನು. ಯಾರನ್ನೂ ಕೂರಿಸಿಕೊಳ್ಳಲಾಗದ, ರಸ್ತೆಗಿಳಿಯದ ಈ ಸಾಧನಕ್ಕೆ ಆ ತಡೆ ಅನ್ವಯಿಸದು. ವ್ಯವಹಾರಕ್ಕಾಗಿಯೇ ಬಳಸಲಾಗುತ್ತಿದೆ ಎಂಬುದಕ್ಕೆ ಜಾಬ್ ಕಾರ್ಡ್ ಮತ್ತು ವೀಕ್ಷಣಾ ಪುಸ್ತಕಗಳೇ ಸಾಕ್ಷಿ. ಹಾಗೆಂದು ಕಾರ್ಖಾನೆಯ ಹೆಸರಿನಲ್ಲಿ ಕಾರು ಖರೀದಿಸಿ ಮನೆಯ ಮಗುವಿನ ಕೈಗೆ ಕೊಟ್ಟರೆ ಜಮೆಯನ್ನು ಪಡೆಯುವಂತಿಲ್ಲ, ಪಡೆದಿದ್ದರೆ ಹಿಂತಿರುಗಿಸಬೇಕು. ಜಮೆ ಪಡೆದ ತೆರಿಗೆಯ ಮೊತ್ತದ ಮೇಲೆ ಸವಕಳಿಯನ್ನೂ ಕೇಳುವಂತಿಲ್ಲ.

3. ಆದಾಯ ತೆರಿಗೆಯಲ್ಲಿ ಸಾಮಾನ್ಯ ಯಂತ್ರೋಪಕರಣಗಳಿಗೆ 1961ರ ಕಾಯಿದೆಯಡಿ ಶೇ. 15ರ ಸವಕಳಿ ದರವೂ, ಖರೀದಿಸಿದ ವರ್ಷ 180 ದಿನಗಳಿಗಿಂತ ಕಡಿಮೆ ಬಳಕೆಯಾದರೆ ಅದರ ಅರ್ಧವೂ ನಿಗದಿಯಾಗಿತ್ತು. 2026ರ ಏಪ್ರಿಲ್ 1ರಿಂದ 2025ರ ಆದಾಯ ತೆರಿಗೆ ಕಾಯಿದೆಯು ಜಾರಿಗೆ ಬರುವಂತೆ ವಿಧಿಸಲಾಗಿದ್ದು, ಕಲಮುಗಳ ಸಂಖ್ಯೆಗಳು ಬದಲಾಗಿವೆ. ಹಳೆಯ ಸಂಖ್ಯೆಗಳನ್ನು ನಂಬಿ ಅರ್ಜಿ ಬರೆಯುವುದು ತರವಲ್ಲ.

4. 'ಸಂಶೋಧನಾ ವೆಚ್ಚಕ್ಕೆ ಎರಡು ಪಟ್ಟು ವಿನಾಯಿತಿ' ಎಂಬ ಹಳೆಯ ಮಾತು ಇನ್ನೂ ಚಲಾವಣೆಯಲ್ಲಿದೆ. ಅನುಮೋದಿತ ಆಂತರಿಕ ಸಂಶೋಧನಾ ಕೇಂದ್ರವುಳ್ಳ ಕಂಪನಿಗಳಿಗೆ ದೊರೆಯುತ್ತಿದ್ದ ಶೇ. 200ರ ಕಡಿತವು 2017ರ ಏಪ್ರಿಲ್‌ನಿಂದ ಶೇ. 150ಕ್ಕೂ, 2020ರ ಏಪ್ರಿಲ್‌ನಿಂದ ಶೇ. 100ಕ್ಕೂ ಇಳಿಯಿತು. ಮೇಲಾಗಿ ಅಂಗಡಿಯಿಂದ ತಂದ ಭಾಗಗಳನ್ನು ಜೋಡಿಸಿದ ಮಾತ್ರಕ್ಕೆ ಅದು ವೈಜ್ಞಾನಿಕ ಸಂಶೋಧನೆ ಎನಿಸಿಕೊಳ್ಳಲಾರದು.

5. ವಿದೇಶದಿಂದ ಕಾರನ್ನು ತರಿಸುವ ಮೊದಲು ಸುಂಕವನ್ನು ಲೆಕ್ಕಹಾಕಬೇಕು. ಆಟಿಕೆಗಳ ಮೇಲಿನ ಮೂಲ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೂ, 2023ರಲ್ಲಿ ಶೇ. 70ಕ್ಕೂ ಏರಿಸಲಾಯಿತು. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಗುಣಮಟ್ಟ ನಿಯಂತ್ರಣ ಆದೇಶವೂ ಅನ್ವಯವಾಗಿದೆ. 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಕಡಿಮೆ ಶಕ್ತಿಯ ಸಾಧನಗಳಿಗೆ ಪ್ರತ್ಯೇಕ ಲೈಸೆನ್ಸಿನ ಅಗತ್ಯವನ್ನು 2005ರಲ್ಲಿಯೇ ಕೈಬಿಡಲಾಗಿದ್ದರೂ ಸಾಧನಕ್ಕೆ ಮಾದರಿ ಅನುಮೋದನೆ ಇರಬೇಕು. ಆದುದರಿಂದ ಸ್ಥಳೀಯ ವರ್ತಕರಿಂದ ಬಿಲ್ಲಿನೊಡನೆ ಖರೀದಿಸುವುದೇ ಕ್ಷೇಮ.

ಎಲ್ಲಿ ನಿಲ್ಲಿಸಬೇಕು

ಈ ಹವ್ಯಾಸದ ದೊಡ್ಡ ಅಪಾಯವೆಂದರೆ ಅದಕ್ಕೆ ಕೊನೆಯಿಲ್ಲದಿರುವುದು. ಹೊರೆ ಹೆಚ್ಚಾಯಿತೆಂದು ಸ್ಪ್ರಿಂಗು, ಸ್ಪ್ರಿಂಗು ಬದಲಾಯಿತೆಂದು ಮೋಟಾರು, ಮೋಟಾರು ಬದಲಾಯಿತೆಂದು ಬ್ಯಾಟರಿ, ಬ್ಯಾಟರಿ ಭಾರವಾಯಿತೆಂದು ಮತ್ತೆ ಸ್ಪ್ರಿಂಗು. ಇದುವರೆಗೆ ಇಷ್ಟು ಖರ್ಚಾಗಿದೆ, ಇನ್ನು ಬಿಡುವುದು ಹೇಗೆ ಎಂಬ ಯೋಚನೆಯಿಂದ ಹಾಳಾದ ಯೋಜನೆಗಳು ವ್ಯಾಪಾರ ಜಗತ್ತಿನಲ್ಲಿ ಬೇಕಾದಷ್ಟಿವೆ. ಕಳೆದುಹೋದ ಹಣವು ಮುಂದಿನ ನಿರ್ಧಾರಕ್ಕೆ ಆಧಾರವಾಗಬಾರದು.

ಒಂದು ಉದಾಹರಣೆಯನ್ನು ನೋಡಬಹುದು. ಬಿಡಿಭಾಗಗಳಿಗೆ 30,000 ರೂಪಾಯಿ, ಮೇಲ್ವಿಚಾರಕನ 60 ಗಂಟೆಗಳ ದುಡಿಮೆಗೆ ಗಂಟೆಗೆ 250ರಂತೆ 15,000 ರೂಪಾಯಿ, ಒಟ್ಟು 45,000 ರೂಪಾಯಿ ಖರ್ಚಾಯಿತೆಂದು ಭಾವಿಸಬಹುದು. ಒಂದು ಕಾಲುವೆಯ ಪರಿಶೀಲನೆಗಾಗಿ ಹಿಂದೆ ಮೂರು ಗಂಟೆ ಯಂತ್ರಗಳನ್ನು ನಿಲ್ಲಿಸಬೇಕಾಗಿತ್ತು, ಪ್ರತಿ ಗಂಟೆಗೆ ಕೈತಪ್ಪುತ್ತಿದ್ದ ಲಾಭಾಂಶ 1,500 ರೂಪಾಯಿ ಎಂದಾದರೆ, ಒಂದು ಪರಿಶೀಲನೆಯಿಂದ ಉಳಿಯುವುದು 4,500 ರೂಪಾಯಿ. ಹತ್ತು ಪರಿಶೀಲನೆಗಳಲ್ಲಿ ಹಾಕಿದ ಹಣ ಮರಳುತ್ತದೆ. ವರ್ಷಕ್ಕೆ ಎರಡೇ ಬಾರಿ ಪರಿಶೀಲನೆ ನಡೆಸುವ ಘಟಕಕ್ಕೆ ಇದಕ್ಕೆ ಐದು ವರ್ಷ ಬೇಕು. ಅಷ್ಟರಲ್ಲಿ ಬ್ಯಾಟರಿ ಮತ್ತು ಸೆನ್ಸರುಗಳ ಆಯುಷ್ಯವೇ ಮುಗಿದಿರುತ್ತದೆ. ಹಣದ ಲೆಕ್ಕವೊಂದನ್ನೇ ನೋಡಿದರೆ ಅಂತಹ ಘಟಕವು ಈ ಕೆಲಸಕ್ಕೆ ಕೈಹಾಕಬಾರದು. ಗಮನಿಸಬೇಕಾದ ಮತ್ತೊಂದು ಅಂಶವೆಂದರೆ ಇಲ್ಲಿ ಒಟ್ಟು ವೆಚ್ಚದ ಮೂರನೆಯ ಒಂದು ಭಾಗ ದುಡಿಮೆಯದು. ಬಿಲ್ಲಿಲ್ಲದ ಖರ್ಚು ಖರ್ಚಲ್ಲವೆಂದು ತಿಳಿಯುವವರು ಎಡವುವುದು ಇಲ್ಲಿಯೇ.

ಆದುದರಿಂದ ಕೆಲಸ ಆರಂಭಿಸುವ ಮೊದಲೇ ಮೂರು ಸಂಗತಿಗಳನ್ನು ಕಾಗದದ ಮೇಲೆ ಬರೆದಿಡಬೇಕು: ವಾಹನವು ಉತ್ತರಿಸಬೇಕಾದ ಒಂದೇ ಒಂದು ಪ್ರಶ್ನೆ, ಖರ್ಚಿನ ಗರಿಷ್ಠ ಮಿತಿ, ಕೈಬಿಡಬೇಕಾದ ದಿನಾಂಕ. ಮೊದಲ ಹಂತದಲ್ಲಿ ಒಂದು ಕ್ಯಾಮೆರಾ ಮತ್ತು ಒಂದು ಸೆನ್ಸರ್ ಸಾಕು. ಅದು ಮೂರು ತಿಂಗಳು ದೂರಿಲ್ಲದೆ ದುಡಿದ ಮೇಲೆಯೇ ಎರಡನೆಯ ಸೆನ್ಸರಿನ ಮಾತು.

ಒಬ್ಬರಿಗೆ ಹೊರೆ, ಹತ್ತು ಮಂದಿಗೆ ಅನುಕೂಲ

ವರ್ಷಕ್ಕೆರಡು ಪರಿಶೀಲನೆಯ ಘಟಕವು ಹಾಗಾದರೆ ಹುಡುಗನನ್ನೇ ಒಳಗೆ ಇಳಿಸುತ್ತಿರಬೇಕೇ? ಖಂಡಿತ ಬೇಡ. ಒಂದೇ ಕೈಗಾರಿಕಾ ಪ್ರದೇಶದ ಹತ್ತು ಘಟಕಗಳು ಸೇರಿ ಒಂದು ವಾಹನವನ್ನು ಹೊಂದಬಹುದು. ಆಗ ಮೇಲಿನ ಉದಾಹರಣೆಯ ಹತ್ತು ಪರಿಶೀಲನೆಗಳು ಆರು ತಿಂಗಳಲ್ಲಿ ಪೂರ್ಣಗೊಳ್ಳುತ್ತವೆ. ಪೀಣ್ಯದಂತಹ ಪ್ರದೇಶಗಳಲ್ಲಿ ಗೇರು ಕಡೆಯುವವರು, ಹಲಗೆ ಕತ್ತರಿಸುವವರು, ಸರ್ಕಿಟ್ ಜೋಡಿಸುವವರು ಅಕ್ಕಪಕ್ಕದ ಬೀದಿಗಳಲ್ಲಿಯೇ ಇದ್ದಾರೆ. ವಾಣಿಜ್ಯ ಸಂಘಗಳು ಇದಕ್ಕೆ ಮುಂದಾಗಿ, ಒಂದು ವಾಹನ, ತಾಳೆ ನೋಡಲು ಬೇಕಾದ ನಂಬಲರ್ಹ ಮಾಪಕಗಳು ಮತ್ತು ತರಬೇತಿ ಪಡೆದ ಒಬ್ಬ ಚಾಲಕನನ್ನು ಒದಗಿಸಿ, ಬಳಕೆಗೆ ತಕ್ಕ ಶುಲ್ಕವನ್ನು ವಸೂಲು ಮಾಡಬಹುದು. ಸಮೀಪದ ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದ ವಿದ್ಯಾರ್ಥಿಗಳು ಪ್ರತಿ ವರ್ಷವೂ ಯೋಜನಾ ಕಾರ್ಯಕ್ಕಾಗಿ ವಿಷಯವನ್ನು ಹುಡುಕುತ್ತಿರುತ್ತಾರೆ. ಮಾಡಿದ ಯೋಜನೆ ಪ್ರದರ್ಶನದ ಮರುದಿನ ಮೂಲೆ ಸೇರುವ ಬದಲು ಕಾರ್ಖಾನೆಯ ನೆಲದಲ್ಲಿ ಓಡಾಡಿದರೆ ಇಬ್ಬರಿಗೂ ಲಾಭ.

ತಯಾರಕರಿಗೂ ಇದರಲ್ಲಿ ಒಂದು ಅವಕಾಶವಿದೆ. ಚನ್ನಪಟ್ಟಣದ ಮರದ ಗೊಂಬೆಗಳಿಂದ ಹೆಸರಾದ ನಾಡಿನಲ್ಲಿ ಇಂದು ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಆಟಿಕೆಗಳ ತಯಾರಿಕಾ ಕ್ಲಸ್ಟರ್ ರೂಪುಗೊಂಡಿದೆ. ಗೇರು, ಚಕ್ರ, ಚೌಕಟ್ಟುಗಳನ್ನು ತಯಾರಿಸುವ ಕೌಶಲ ಇಲ್ಲಿಯೇ ಇರುವಾಗ, ಆಟಕ್ಕಲ್ಲದೆ ಹೊರೆ ಹೊರಲೆಂದೇ ವಿನ್ಯಾಸಗೊಂಡ ಸಣ್ಣ ಚೌಕಟ್ಟೊಂದನ್ನು ಸ್ಥಳೀಯವಾಗಿ ತಯಾರಿಸುವುದು ಅಸಾಧ್ಯವೇನಲ್ಲ.

ಕೆಲವರು ಇದನ್ನು ಮಕ್ಕಳಾಟವೆಂದು ನಗಬಹುದು. ಕಾರ್ಖಾನೆಯ ಗೌರವಕ್ಕೆ ಆಟಿಕೆ ತಕ್ಕುದಲ್ಲವೆಂದು ಹೇಳುವವರೂ ಇದ್ದಾರೆ. ಆದರೆ ಕತ್ತಲ ಕಾಲುವೆಗೆ ಇಳಿಯಬೇಕಾದ ನೌಕರನಿಗೂ, ಸಂಜೆ ಅವನ ದಾರಿ ಕಾಯುವ ಮನೆಯವರಿಗೂ ಅದು ಆಟದ ವಸ್ತುವೋ ಅಲ್ಲವೋ ಎಂಬುದು ಮುಖ್ಯವಲ್ಲ. ಸಣ್ಣ ಉದ್ಯಮಿಯು ಮುಂದಿನ ಬಾರಿ ಯಾರನ್ನಾದರೂ ಒಳಗೆ ಇಳಿಯಲು ಹೇಳುವ ಮೊದಲು, ತನಗಿಂತ ಮುಂಚೆ ಒಳಗೆ ಹೋಗಿ ಬರಬಲ್ಲದ್ದು ಏನಾದರೂ ಇದೆಯೇ ಎಂದು ಒಮ್ಮೆ ಕೇಳಿಕೊಳ್ಳಲಿ. ಆ ಪ್ರಶ್ನೆಗೆ ಖರ್ಚಿಲ್ಲ. ಉತ್ತರಕ್ಕೆ ತಗಲುವ ಖರ್ಚನ್ನು ಸರಿಯಾಗಿ ಬರೆದಿಟ್ಟರೆ ಸಾಕು.